ಕತ್ತಲೆಗೆ ಹೆಣ್ಣಿನ ಹೆಸರು

ಕತ್ತಲೆಯ ಭಯ ಮನುಷ್ಯನಷ್ಟೇ ಹಳೆಯದು. ಆ ಭಯವನ್ನು ದುಡ್ಡು ಕೊಟ್ಟು ಕೊಳ್ಳುವ ರೂಢಿ ಮಾತ್ರ ಈಚಿನದು. ಜರ್ಮನಿಯಲ್ಲಿ ‘ನೊಸ್ಫೆರಾಟು’ ಎಂಬ ಮೂಕಿಚಿತ್ರ ಬಂದದ್ದು 1922ರಲ್ಲಿ. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಏರುವ ಉದ್ದುಗುರಿನ ನೆರಳೇ ಅದರಲ್ಲಿ ಎಲ್ಲಕ್ಕಿಂತ ಭಯಂಕರ. ಮರುವರ್ಷ, 1923ರಲ್ಲಿ, ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಎರಡಕ್ಕೂ ಎತ್ತಣಿಂದೆತ್ತ ಸಂಬಂಧ ಎನ್ನುತ್ತೀರಿ. ಕುಲುಮೆ ಆರಬಾರದೆಂದು ಊರಿಗೆ ರಾತ್ರಿ ಪಾಳಿ ಬಂತು. ಅದರ ಹಿಂದೆಯೇ ಗಂಡಸರಿಲ್ಲದ ರಾತ್ರಿಗಳೂ ಬಂದವು. ಜನ್ನಾಪುರದ ದೆವ್ವದ ಕಥೆಗಳಲ್ಲಿ ಅರ್ಧದಷ್ಟಾದರೂ ಆ ರಾತ್ರಿಗಳಲ್ಲಿ ಹುಟ್ಟಿದವೆಂದೇ ನನ್ನ ನಂಬಿಕೆ.

ಕನ್ನಡದಲ್ಲಿ ಜನ ಮೈ ಜುಮ್ಮೆನ್ನುತ್ತ ನೋಡಿದ ಚಿತ್ರ ‘ನಾ ನಿನ್ನ ಬಿಡಲಾರೆ’, 1979ರದು. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಸತ್ತ ಹೆಣ್ಣೊಬ್ಬಳು ಅನಂತನಾಗ್ ಅವರ ಮೈಮೇಲೆ ಬರುತ್ತಾಳೆ. ಹೆಂಡತಿಯಾದ ಲಕ್ಷ್ಮಿ ಗಂಡನನ್ನು ಉಳಿಸಿಕೊಳ್ಳಬೇಕು. ಕಡೆಗೆ ರಾಘವೇಂದ್ರ ಸ್ವಾಮಿಗಳೇ ಗತಿ. ಸಿನಿಮಾದವರು ಎಷ್ಟೋ ಸಲ ಹಾಡಹಗಲೇ ಚಿತ್ರ ತೆಗೆದು, ಮಸೂರಕ್ಕೆ ನೀಲಿ ಗಾಜು ಹಿಡಿದು ರಾತ್ರಿ ಮಾಡುತ್ತಿದ್ದರೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ತಿಳಿದಿದ್ದರೂ ಹಿತ್ತಿಲ ಬಚ್ಚಲಿಗೆ ಒಬ್ಬಳೇ ಹೋಗುವ ಧೈರ್ಯ ಬರುತ್ತಿರಲಿಲ್ಲ ಬಿಡಿ.

1990ರ ದಶಕದಲ್ಲಿ ಕರ್ನಾಟಕದ ಊರೂರಲ್ಲಿ ‘ನಾಳೆ ಬಾ’ ಎಂಬ ಬರಹ ಬಾಗಿಲುಗಳ ಮೇಲೆ ಕಾಣಿಸಿತು. ರಾತ್ರಿ ಒಂದು ಹೆಣ್ಣು ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ಬರಹ ಓದಿಕೊಂಡು ಹಿಂದಿರುಗಿ, ಮರುದಿನ ಬಂದು ಮತ್ತೆ ಓದಿಕೊಳ್ಳುತ್ತದೆ ಎಂದು ವದಂತಿ. (ದೆವ್ವಕ್ಕೂ ಅಕ್ಷರ ಬರುತ್ತಿತ್ತು ಎಂಬುದು ಶಿಕ್ಷಕಿಯಾದ ನನಗೆ ಸಮಾಧಾನ.) ಬೇರೆ ಊರಿನವರಿಗೆ ಇದು ತಮಾಷೆಯಾಗಿದ್ದೀತು. ನಮ್ಮ ಬೀದಿಯಲ್ಲಿ ಎರಡನೇ ಪಾಳಿ ಮುಗಿಸಿ ಬಂದ ಗಂಡ ನಿಜವಾಗಿಯೂ ರಾತ್ರಿ ಹತ್ತೂವರೆಗೆ ಬಾಗಿಲು ಬಡಿದು ಹೆಂಡತಿಯ ಹೆಸರು ಹಿಡಿದು ಕರೆಯುತ್ತಿದ್ದ! ಪಕ್ಕದ ಮನೆಯಾಕೆ ಒಳಗಿಂದಲೇ, “ಮೂರು ಸಲ ಕರೀರಿ, ಆಮೇಲೆ ತೆಗೀತೀನಿ” ಎನ್ನುತ್ತಿದ್ದರು. ದೆವ್ವ ಒಂದೇ ಸಲ ಕೂಗುವುದೆಂದು ಹಿರಿಯರ ಮಾತು. ಹಸಿದು ಬಂದ ಆ ಪುಣ್ಯಾತ್ಮರು ಬೈದುಕೊಳ್ಳುತ್ತಲೇ ಮೂರು ಸಲ ಕರೆಯುತ್ತಿದ್ದರು. ಈ ವದಂತಿಯ ಎಳೆ ಹಿಡಿದೇ 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಚಿತ್ರ ಬಂತು.

ದೆವ್ವ ಹೆಣ್ಣೇ ಏಕಾಗಬೇಕು? ಈ ಪ್ರಶ್ನೆಗೆ ಒಂದಿಷ್ಟು ಉತ್ತರ ಸಿಕ್ಕಿದ್ದು 2004ರ ‘ಆಪ್ತಮಿತ್ರ’ದಲ್ಲಿ. ಮಲಯಾಳಂನಲ್ಲಿ 1993ರಲ್ಲಿ ಬಂದ ‘ಮಣಿಚಿತ್ರತ್ತಾಳ್’ ಇದರ ಮೂಲ. ಬೀಗ ಹಾಕಿದ ಕೋಣೆಯ ಕತ್ತಲೆಯಲ್ಲಿ ನಾಗವಲ್ಲಿ ಎಂಬ ನರ್ತಕಿಯ ಕಥೆ ಹೂತುಹೋಗಿದೆ. ಅವಳನ್ನೂ ಅವಳ ಪ್ರಿಯಕರನನ್ನೂ ರಾಜ ಕೊಲ್ಲಿಸಿದ್ದ. ಸೌಂದರ್ಯ ಅವರ ಪಾತ್ರ ತಾನೇ ನಾಗವಲ್ಲಿ ಎಂದು ಭ್ರಮಿಸುತ್ತದೆ. ಚಿತ್ರ ತೆರೆಗೆ ಬರುವ ಹೊತ್ತಿಗೆ ಸೌಂದರ್ಯ ಇರಲಿಲ್ಲ. ಅದೇ ವರ್ಷದ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಆ ಕಣ್ಣುಗಳನ್ನು ಪರದೆಯ ಮೇಲೆ ನೋಡುವಾಗ ಹೆದರಿಕೆಗಿಂತ ಸಂಕಟವೇ ಹೆಚ್ಚಾಗಿತ್ತು. ವೈದ್ಯರಾದ ವಿಷ್ಣುವರ್ಧನ್ ಅವಳ ಸಿಟ್ಟನ್ನು ಅದುಮುವುದಿಲ್ಲ. ರಾಜನನ್ನು ಕೊಂದೆನೆಂದು ಅವಳು ನಂಬುವಂತೆ ಮಾಡುತ್ತಾರೆ. ಆಮೇಲೆಯೇ ನಾಗವಲ್ಲಿ ಬಿಟ್ಟುಹೋಗುವುದು. 1979ರಲ್ಲಿ ಓಡಿಸಬೇಕಾಗಿದ್ದ ಹೆಣ್ಣಿನ ದೂರನ್ನು 2004ರಲ್ಲಿ ಕೇಳುವವರು ಬಂದರು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳಿಗೆ ಸಿನಿಮಾ ಸಾಲದು, ಕಂಪ್ಯೂಟರಿನಲ್ಲಿ ‘ಅಮ್ನೀಶಿಯಾ’ ಎಂಬ ಆಟ ಬೇಕು. 2010ರಲ್ಲಿ ಸ್ವೀಡನ್ನಿನವರು ಮಾಡಿದ್ದು. ಹಳೆಯ ಕೋಟೆ, ಕೈಯಲ್ಲೊಂದು ಲಾಂದ್ರ. ಕತ್ತಲೆಯಲ್ಲಿ ನಿಂತರೆ ಬುದ್ಧಿ ಕೆಡುತ್ತ ಹೋಗುತ್ತದೆ. ದೀಪ ಹಚ್ಚಿದರೆ ರಾಕ್ಷಸನಿಗೆ ನಾವು ಕಾಣುತ್ತೇವೆ. ಎಣ್ಣೆಯನ್ನೂ ಲೆಕ್ಕ ಹಾಕಿ ಸುಡಬೇಕು. ಸೀಮೆಎಣ್ಣೆಯ ಬುಡ್ಡಿಯಲ್ಲಿ ಓದಿದವರಿಗೆ ಈ ಲೆಕ್ಕ ಹೊಸದಲ್ಲ. “ಎಣ್ಣೆ ಮುಗಿದರೆ ಏನು ಮಾಡ್ತೀಯೇ?” ಎಂದೆ.

“ಮೂಲೇಲಿ ಕೂತ್ಕೋಬೇಕು ದೊಡ್ಡಮ್ಮ. ಅದರ ಮುಖ ಮಾತ್ರ ನೋಡಬಾರದು,” ಎಂದಳು.