ಪೊರೆ

ಪೊರೆ ಎಂದರೆ ತೆಳುವಾದ ಪದರ. ಹಾವು ಕಳಚುವುದು ಪೊರೆ; ವಿಜ್ಞಾನದ ಪಠ್ಯದಲ್ಲಿ ಜೀವಕೋಶವನ್ನು ಸುತ್ತಿರುವುದು ಕೋಶಪೊರೆ. ‘ಸಲಹು’ ಎಂಬ ಅರ್ಥದ ಕ್ರಿಯಾಪದ ‘ಪೊರೆ’ ಈಗ ಹೆಚ್ಚಾಗಿ ಕಾವ್ಯ, ಪ್ರಾರ್ಥನೆಗಳಲ್ಲಷ್ಟೇ ಉಳಿದಿದೆ. ಮನೆಮಾತಿನಲ್ಲಿ ಈ ಪದ ಕೇಳಿಬರುವುದು ಬಹುಮಟ್ಟಿಗೆ ಕಣ್ಣಿನ ಸಂಬಂಧವಾಗಿ: ಪೊರೆ ಬಂದಿದೆ, ಪೊರೆ ಬಲಿತಿದೆ, ಪೊರೆ ತೆಗೆಸಬೇಕು.

‘ಬಂದಿದೆ’ ಎಂದಾಗ ಕಣ್ಣಿನ ಮೇಲೆ ಏನೋ ಕವಿದಂತೆ ತೋರುತ್ತದೆ. ಹಾಗೆ ಹೊರಮೈಯಲ್ಲಿ ಬೆಳೆಯುವುದು ದುರ್ಮಾಂಸ. ಅದು ಬೇರೆ ತೊಂದರೆ. ಪೊರೆಯಲ್ಲಿ ಮಬ್ಬಾಗುವುದು ಪಾಪೆಯ ಹಿಂದಿರುವ ಮಸೂರವೇ. ಯುರೋಪಿನ ವೈದ್ಯರೂ ಇದನ್ನು ಬಹುಕಾಲ ಮಸೂರದ ಮುಂದೆ ಕಟ್ಟಿದ ತೆರೆಯೆಂದು ನಂಬಿದ್ದರು. ಫ್ರಾನ್ಸಿನ ಬ್ರಿಸೋ ಮೃತ ಸೈನಿಕನೊಬ್ಬನ ಕಣ್ಣನ್ನು ಸೀಳಿ ನೋಡಿ, ಕೆಟ್ಟಿರುವುದು ಮಸೂರವೇ ಎಂದು 1705ರಲ್ಲಿ ತಿಳಿಸಿದ.

ಮಸೂರದಲ್ಲಿರುವುದು ಮುಖ್ಯವಾಗಿ ನೀರು ಮತ್ತು ಕ್ರಿಸ್ಟಲಿನ್ ಎಂಬ ಪ್ರೋಟೀನು. ಪ್ರೋಟೀನುಗಳು ಒತ್ತಾಗಿ, ಅಚ್ಚುಕಟ್ಟಾಗಿ ಅಡಕಗೊಂಡಿರುವುದರಿಂದಲೇ ಬೆಳಕು ಚದುರದೆ ಸಾಗುತ್ತದೆ. ಮಸೂರದ ಹೊರಗಡೆ ಜೀವನವಿಡೀ ಹೊಸ ಎಳೆಗಳು ಸೇರುತ್ತವೆ, ಹಳೆಯವು ಮಾತ್ರ ಕಳಚುವುದಿಲ್ಲ. ನಡುವಿಗೆ ಒತ್ತರಿಸಿಕೊಂಡು ಗಟ್ಟಿಯಾಗುತ್ತವೆ. ಹುಟ್ಟಿಗೆ ಮೊದಲೇ ರೂಪುಗೊಂಡ ಪ್ರೋಟೀನು ಮುಪ್ಪಿನವರೆಗೂ ಅಲ್ಲೇ ಇರುತ್ತದೆ. ವರ್ಷಗಳು ಕಳೆದಂತೆ ಅದು ಉತ್ಕರ್ಷಣಕ್ಕೆ ಸಿಕ್ಕಿ ಗಂಟುಕಟ್ಟುತ್ತದೆ; ಬೆಳಕು ಚದುರಿ ನೋಟ ಮಂಜಾಗುತ್ತದೆ, ಎದುರಿನ ವಾಹನದ ದೀಪ ಕಣ್ಣು ಕುಕ್ಕುತ್ತದೆ. ಬಿಸಿಲಿನ ನೇರಳಾತೀತ ಕಿರಣ, ಧೂಮಪಾನ, ಸಕ್ಕರೆ ಕಾಯಿಲೆ, ದೀರ್ಘಕಾಲದ ಸ್ಟೀರಾಯ್ಡ್ ಬಳಕೆ ಇದನ್ನು ಬೇಗ ತರುತ್ತವೆ. ಪೆಟ್ಟು ಬಿದ್ದ ಕಣ್ಣಿಗೆ ಯಾವ ವಯಸ್ಸಿನಲ್ಲೂ ಬರಬಹುದು. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಮಗು ಪೊರೆಯೊಂದಿಗೇ ಹುಟ್ಟಬಹುದು.

‘ಬಲಿಯಲಿ’ ಎಂದು ಕಾಯುವುದು ಹಳೆಯ ಶಸ್ತ್ರಚಿಕಿತ್ಸೆಯ ಕಾಲದ ರೂಢಿ. ಈಗ ದಿನನಿತ್ಯದ ಕೆಲಸಕ್ಕೆ ತೊಡಕಾದರೆ ಸಾಕು, ಚಿಕಿತ್ಸೆ ಮಾಡಬಹುದು. ತಡವಾದಷ್ಟೂ ಮಸೂರ ಗಟ್ಟಿಯಾಗಿ ಕೆಲಸ ಕಷ್ಟವಾಗುತ್ತದೆ.

‘ತೆಗೆಸುವಾಗ’ ಹೊರಬರುವುದು ಮಬ್ಬಾದ ಮಸೂರದ ತಿರುಳು. ಅದನ್ನು ಸುತ್ತಿದ್ದ ತೆಳು ಚೀಲದ ಮುಂಭಾಗದಲ್ಲಿ ಕಿಂಡಿ ಮಾಡಿ, ಉಳಿದುದನ್ನು ಹಾಗೇ ಬಿಟ್ಟು, ಅದರೊಳಗೆ ಕೃತಕ ಮಸೂರ ಕೂರಿಸುತ್ತಾರೆ. ಇಂಥ ಮಸೂರವನ್ನು ಮೊದಲು ಅಳವಡಿಸಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರಲ್ಲಿ. ಉಳಿದ ಜೀವಕೋಶಗಳು ಚೀಲದ ಹಿಂಬದಿಗೆ ಹಬ್ಬಿದರೆ ಕೆಲವರಿಗೆ ತಿಂಗಳು, ವರ್ಷಗಳ ಬಳಿಕ ನೋಟ ಮತ್ತೆ ಮಂಜಾಗುತ್ತದೆ. ಪದರವೆಂಬ ಅರ್ಥದಲ್ಲಿ ‘ಪೊರೆ’ ಸರಿಯಾಗಿ ಒಪ್ಪುವುದು ಈ ಮಬ್ಬಿಗೇ. ಅದನ್ನು ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ ತೆರೆಯುತ್ತಾರೆ.