ಅರಮನೆ ಹೋಯಿತು, ತೊಲೆ ಉಳಿಯಿತು

ಸಕಲೇಶಪುರದ ಬಳಿ ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಇಂದಿಗೂ ನಿಂತಿದೆ. ಆದರೆ ಶ್ರೀರಂಗಪಟ್ಟಣದಲ್ಲಿದ್ದ ಆತನ ಅರಮನೆಗಳಲ್ಲಿ ಇಡಿಯಾಗಿ ಉಳಿದಿರುವುದು ದರಿಯಾ ದೌಲತ್ ಒಂದೇ. ಕೋಟೆ ಕಲ್ಲಿನದು; ಅರಮನೆಗಳ ಕಂಬ, ತೊಲೆ, ಜಂತೆಗಳು ಮರದವು. ಮರದ ಕಟ್ಟಡವನ್ನು ಬಿಚ್ಚಬಹುದು, ಸಾಗಿಸಬಹುದು, ಬೇರೆಡೆ ಮತ್ತೆ ಜೋಡಿಸಬಹುದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಆದದ್ದೂ ಅದೇ. ಉದಕಮಂಡಲದಲ್ಲಿ 1829ರಲ್ಲಿ ಶಂಕುಸ್ಥಾಪನೆಯಾದ ಸೇಂಟ್ ಸ್ಟೀಫನ್ಸ್ ಚರ್ಚಿಗಾಗಿ ಶ್ರೀರಂಗಪಟ್ಟಣದ ಅರಮನೆಯ ತೊಲೆಗಳು ನೀಲಗಿರಿ ಬೆಟ್ಟ ಹತ್ತಿದವು. ಅರಮನೆ ಅಳಿಯಿತು, ಅದರ ಮರ ಇಂದಿಗೂ ಚರ್ಚಿನ ಮಾಡು ಹೊತ್ತಿದೆ.

ಸಕಲೇಶಪುರ, ಆಲೂರು ಸೀಮೆಯ ಹಳೆಯ ತೊಟ್ಟಿ ಮನೆಗಳಿಗೂ ಇದೇ ಮಾತು ಸಲ್ಲುತ್ತದೆ. ಮನೆ ಬಿಚ್ಚಿದರೂ ಕಂಬ, ಬಾಗಿಲುಗಳು ಎಲ್ಲೋ ಬಾಳುತ್ತವೆ. ಅವು ಯಾವ ಮನೆಯವೆಂದು ಬರೆದಿಡದಿದ್ದರೆ ಆ ಮನೆಯ ಚರಿತ್ರೆ ಮಾತ್ರ ಬಾಳದು.