ಕೊಕ್ಕರೆ ಚಕ್ರದ ಬೆಲೆ

ಗುಜರಿಯವನ ತಕ್ಕಡಿಗೆ ಕಬ್ಬಿಣವೆಲ್ಲ ಒಂದೇ. ಮುರಿದ ನೇಗಿಲ ಗುಳ, ತುಕ್ಕು ತಿಂದ ತಗಡು, ಸವೆದ ಗಾಡಿಪಟ್ಟಿ, ಯಾರದೋ ತಾತನಿಗೆ ವರೋಪಚಾರದಲ್ಲಿ ಬಂದಿದ್ದ ಬೈಸಿಕಲ್ಲು, ಎಲ್ಲವೂ ಕಿಲೋ ಲೆಕ್ಕದಲ್ಲಿ ಸಮಾನ. ಇಂಥ ಸಮದರ್ಶಿತ್ವವನ್ನು ನಾನು ವೇದಾಂತಿಗಳಲ್ಲಿಯೂ ಕಂಡದ್ದು ಅಪರೂಪ. ಆದರೆ ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ, ಮಾಚೇನಹಳ್ಳಿಯ ಆಸುಪಾಸಿನಲ್ಲಿ, ಈಚಿನ ಕೆಲವು ವರ್ಷಗಳಿಂದ ಈ ತಕ್ಕಡಿ ಸ್ವಲ್ಪ ಪಕ್ಷಪಾತ ಕಲಿತಿದೆ. ಹಳೆಯ ಸೈಕಲ್ಲೊಂದು ಅಂಗಡಿಯ ಮುಂದೆ ಬಂದರೆ, ಅದನ್ನು ರಾಶಿಗೆ ಎಸೆಯುವ ಮೊದಲು ಒಡೆಯ ಬಗ್ಗಿ ಪೆಡಲಿನ ಬಳಿಯ ಹಲ್ಲುಚಕ್ರವನ್ನು ನೋಡುತ್ತಾನೆ. ಅದರಲ್ಲಿ ಕೊಕ್ಕರೆಯ ತಲೆಗಳನ್ನು ಕೊರೆದಿದ್ದರೆ ಚಕ್ರ ಬೇರೆಯಾಗಿ ಗೋಣಿಚೀಲದೊಳಕ್ಕೆ ಹೋಗುತ್ತದೆ. ಕೊಳ್ಳುವವರು ಬೆಂಗಳೂರಿನಿಂದ, ಪುಣೆಯಿಂದ ಬರುತ್ತಾರೆಂದು ಅವನಿಗೆ ಗೊತ್ತು.

ಆ ಒಂದು ಚಕ್ರಕ್ಕೆ ಇಡೀ ಸೈಕಲ್ಲಿನ ಗುಜರಿ ಬೆಲೆಯ ಹತ್ತರಷ್ಟನ್ನು ಕೊಟ್ಟು ಹೋದವರನ್ನು ನಾನು ನೋಡಿದ್ದೇನೆ. ನೋಡಿದವರು ನಗುತ್ತಾರೆ. ನಗುವುದಕ್ಕೆ ಮುಂಚೆ, ಆ ಚಕ್ರ ಇಲ್ಲಿಗೆ ಬಂದ ದಾರಿಯನ್ನು ತಿಳಿಯುವುದು ಒಳ್ಳೆಯದು.

ಮಾಚೇನಹಳ್ಳಿಯಲ್ಲಿ ಇಂದು ಹಾಲಿನ ಡೇರಿಯುಂಟು, ಕೈಗಾರಿಕಾ ಪ್ರದೇಶವುಂಟು, ಮೀಸಲು ಪೊಲೀಸ್ ಪಡೆಯ ನೆಲೆಯುಂಟು. ಇವೆಲ್ಲ ಆಮೇಲಿನ ಮಾತು. ಮೊದಲು ಇದ್ದದ್ದು ರಸ್ತೆ. ಆ ರಸ್ತೆಗೆ ಜೀವ ಬಂದದ್ದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ. ಬೆಂಕಿಪುರವೆಂಬ ಹಳೆಯ ಹೆಸರಿದ್ದ ಆ ಊರಿನಲ್ಲಿ 1918ರಲ್ಲಿ ಕಾರ್ಖಾನೆಯ ಕೆಲಸ ಮೊದಲಾಯಿತು. 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬಿತ್ತು. ಹೆಸರು ಸಾರ್ಥಕವಾಯಿತೆಂದು ಆಗಿನವರು ಹೇಳಿಕೊಂಡಿದ್ದರೆ ಆಶ್ಚರ್ಯವಿಲ್ಲ. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡುಗಳಿಂದ. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಸೌದೆಯನ್ನು ಸುಟ್ಟು ಕಬ್ಬಿಣ ಕರಗಿಸುವ ಸಾಹಸ ಅದು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ದುಡಿದು, ನಷ್ಟದ ಕಾರ್ಖಾನೆಯನ್ನು ಕಾಲ ಮೇಲೆ ನಿಲ್ಲಿಸಿದರು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಉಕ್ಕು, ಸಿಮೆಂಟು ಬಂದವು. ಮೂರು ಪಾಳಿಯ ಜೀವನ ಈ ಸೀಮೆಗೆ ಕಾಲಿಟ್ಟಿತು.

ಪಾಳಿ ಎಂದ ಮೇಲೆ ಸೈಕಲ್ಲು. ನಡುರಾತ್ರಿ ಕೆಲಸ ಬಿಟ್ಟವನಿಗೆ ಬಸ್ಸೆಲ್ಲಿಯದು? ರೈಲು ಅವನ ಅನುಕೂಲ ನೋಡಿ ಹೊರಡುವುದಿಲ್ಲ. ಎರಡು ಊರುಗಳ ನಡುವಿನ ಹಳ್ಳಿಗಳವರಿಗೆ ಸೈಕಲ್ಲೇ ಗತಿ. ಕಾರ್ಖಾನೆಯ ಸಿಳ್ಳು ಕೇಳಿ ಹೊತ್ತು ತಿಳಿಯುತ್ತಿದ್ದ ಕಾಲದಲ್ಲಿ, ಸಿಳ್ಳು ಆದ ಸ್ವಲ್ಪ ಹೊತ್ತಿಗೆ ರಸ್ತೆಯ ಮೇಲೆ ಬೆಲ್ಲುಗಳ ಸದ್ದು ಕೇಳಿಸುತ್ತಿತ್ತೆಂದು ನನ್ನ ತಂದೆ ಹೇಳುತ್ತಿದ್ದರು. ಅವರೂ ಆ ಸಾಲಿನಲ್ಲಿ ಒಬ್ಬರು. ಹ್ಯಾಂಡಲಿಗೆ ತೂಗುಹಾಕಿದ ಊಟದ ಡಬ್ಬಿ, ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ಮುಂದೆ ಒಂದು ದೀಪ. ದೀಪವಿಲ್ಲದೆ ಹೊರಟರೆ ಪೇಟೆಯಲ್ಲಿ ಪೊಲೀಸಿನವನು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದ. ಪುರಸಭೆಗೆ ವರ್ಷ ವರ್ಷ ತೆರಿಗೆ ಕಟ್ಟಿ ಲೋಹದ ಬಿಲ್ಲೆಯೊಂದನ್ನು ಕಟ್ಟಿಕೊಳ್ಳಬೇಕಾಗಿತ್ತು. ಆ ಬಿಲ್ಲೆಗೂ ಈಗ ಗಿರಾಕಿಗಳಿದ್ದಾರೆ!

ವಿಚಿತ್ರವೆಂದರೆ, ಹಗಲೂ ರಾತ್ರಿ ಕಬ್ಬಿಣ ಕಾಯಿಸಿದವನು ಹತ್ತಿ ಬರುತ್ತಿದ್ದ ಸೈಕಲ್ಲು ಬರ್ಮಿಂಗ್‌ಹ್ಯಾಮಿನದು, ಇಲ್ಲವೆ ನಾಟಿಂಗ್‌ಹ್ಯಾಮಿನದು. ಬೀಡುಕಬ್ಬಿಣವಿದ್ದ ಮಾತ್ರಕ್ಕೆ ಸೈಕಲ್ಲಾಗುವುದಿಲ್ಲ. ಅದಕ್ಕೆ ಹಗುರವಾದ, ಗೋಡೆ ತೆಳುವಾದ ಉಕ್ಕಿನ ಕೊಳವೆ ಬೇಕು. ಕೂದಲೆಳೆಯಷ್ಟೂ ಏರುಪೇರಿಲ್ಲದ ಗುಂಡುಗಳು ಬೇಕು. ಸರಪಣಿಯ ಒಂದೊಂದು ಕೊಂಡಿಯೂ ಇನ್ನೊಂದರ ತದ್ರೂಪವಾಗಿರಬೇಕು. ಸ್ಟಾರ್ಲಿ ಎಂಬಾತ 1885ರಲ್ಲಿ ಎರಡೂ ಚಕ್ರ ಸಮವಾದ ರೋವರ್ ಸೈಕಲ್ಲನ್ನು ಮಾಡಿದ. 1888ರಲ್ಲಿ ಡನ್ಲಪ್ ಗಾಳಿಯ ಟೈರನ್ನು ತಂದ. ಅಲ್ಲಿಂದ ಮುಂದಿನ ಅರ್ಧ ಶತಮಾನ ಇಂಗ್ಲೆಂಡಿನ ಆ ಎರಡು ಪಟ್ಟಣಗಳು ಜಗತ್ತಿಗೆಲ್ಲ ಸೈಕಲ್ಲು ಹಂಚಿದವು. ಬಂದೂಕು ಮಾಡುತ್ತಿದ್ದ ಬಿ.ಎಸ್.ಎ., ನಾಟಿಂಗ್‌ಹ್ಯಾಮಿನ ರ‍್ಯಾಲೀ, ಹಂಬರ್, ರಡ್ಜ್, ಫಿಲಿಪ್ಸ್, ಹರ್ಕ್ಯುಲಿಸ್: ಹೆಸರು ಓದಲು ಬಾರದವನೂ ಇವುಗಳನ್ನು ದೂರದಿಂದಲೇ ಗುರುತಿಸುತ್ತಿದ್ದ. ಹಲ್ಲುಚಕ್ರದಲ್ಲಿ ಕೊಕ್ಕರೆ ಇದ್ದರೆ ರ‍್ಯಾಲೀ. ಅಂಗೈ ಇದ್ದರೆ ರಡ್ಜ್. ಮನುಷ್ಯಾಕೃತಿಗಳಿದ್ದರೆ ಹಂಬರ್, ಅದರ ಮುಂದಿನ ಫೋರ್ಕಿನ ಒಂದೊಂದು ಕಾಲಿಗೂ ಎರಡೆರಡು ಸಣ್ಣ ಕೊಳವೆಗಳಿರುತ್ತಿದ್ದುದರಿಂದ ಚಕ್ರವನ್ನು ನೋಡುವ ಅಗತ್ಯವೂ ಇರಲಿಲ್ಲ. ಬಿ.ಎಸ್.ಎ. ಮಾತ್ರ ತನ್ನ ಮೂರಕ್ಷರಗಳನ್ನೇ ಕೊರೆದಿಟ್ಟಿತ್ತು, ಬೇರೆ ಅಲಂಕಾರವೇಕೆ ಎಂಬಂತೆ.

1939ರಲ್ಲಿ ಯುದ್ಧ ಬಂತು. ಇಂಗ್ಲೆಂಡಿನ ಕಾರ್ಖಾನೆಗಳು ಸೈಕಲ್ಲು ಬಿಟ್ಟು ಮದ್ದುಗುಂಡಿನ ಕೆಲಸಕ್ಕೆ ತಿರುಗಿದವು. ಮಲಯವನ್ನು ಜಪಾನಿಗಳು ಹಿಡಿದ ಮೇಲೆ ರಬ್ಬರಿಗೂ ಕ್ಷಾಮ ತಟ್ಟಿತು. ಬಿಡಿಭಾಗಗಳಿಗೆ ದುಬಾರಿ ಬೆಲೆ ತೆರುವ ಪಾಠವನ್ನು ನಮ್ಮ ಜನ ಕಲಿತದ್ದು ಆಗ, ಅದು ಷೋಕಿಯಲ್ಲ. ಕ್ರ್ಯಾಂಕಿನ ಕಾಟರ್ ಪಿನ್ನು ಸವೆದರೆ ಮರುದಿನ ಕೆಲಸಕ್ಕೆ ಹೋಗುವುದು ಹೇಗೆ? ಕೆಲಸಕ್ಕೆ ಹೋಗದಿದ್ದರೆ ಆ ದಿನದ ಕೂಲಿ ಎಲ್ಲಿ? ಪಿನ್ನಿಗೆ ಅಂಗಡಿಯವನು ಹೇಳಿದ್ದೇ ಬೆಲೆ. ಟೈರಿನೊಳಗೆ ಹಳೆಯ ಟೈರಿನ ತುಂಡಿಟ್ಟು ಹೊಲಿದು ಓಡಿಸಿದವರ ಕಥೆಗಳನ್ನು ಭದ್ರಾವತಿಯ ಹಳಬರ ಬಾಯಲ್ಲಿ ನಾನೇ ಕೇಳಿದ್ದೇನೆ.

ಸ್ವಾತಂತ್ರ್ಯ ಬಂದ ಮೇಲೆ ಸೈಕಲ್ಲು ಇಲ್ಲಿಯೇ ಆಗಬೇಕೆಂಬ ನೀತಿ ಬಲವಾಯಿತು. ಮದರಾಸಿನ ಅಂಬತ್ತೂರಿನ ಟಿ.ಐ. ಸೈಕಲ್ಸ್ 1949ರಲ್ಲಿ ಹುಟ್ಟಿ ಹರ್ಕ್ಯುಲಿಸ್, ಫಿಲಿಪ್ಸ್, ಬಿ.ಎಸ್.ಎ. ಹೆಸರುಗಳನ್ನು ನಮ್ಮ ದೇಶದ್ದನ್ನಾಗಿ ಮಾಡಿತು. ಬಂಗಾಳದ ಅಸನ್ಸೋಲಿನಲ್ಲಿ ಸೆನ್-ರ‍್ಯಾಲೀ, 1951ರಲ್ಲಿ ಸೋನೇಪತದ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. ಇದು ಒಳ್ಳೆಯದೇ ಆಯಿತು. ನೂರಾರು ರೂಪಾಯಿ ಕೂಡಿಡಲಾರದ ರೈತನ ಮನೆಗೂ ಸೈಕಲ್ಲು ಬಂದದ್ದು ಇವುಗಳಿಂದ. ಆದರೆ ಆಮದು ಬಿಗಿಯಾದಂತೆಲ್ಲ ಹಳೆಯ ಇಂಗ್ಲಿಷ್ ಸೈಕಲ್ಲುಗಳಿಗೆ ತೌರಿನ ಸಂಬಂಧ ಕಡಿದುಹೋಯಿತು. ಅತ್ತ ತೌರುಮನೆಯೂ ಮೊದಲಿನಂತಿರಲಿಲ್ಲ. ಹಂಬರನ್ನು 1932ರಲ್ಲಿ, ರಡ್ಜನ್ನು 1943ರಲ್ಲಿ, ಬಿ.ಎಸ್.ಎ. ಸೈಕಲ್ಲನ್ನು 1957ರಲ್ಲಿ ರ‍್ಯಾಲೀ ನುಂಗಿತು. 1960ರಲ್ಲಿ ಅದೂ ಇನ್ನೊಂದು ದೊಡ್ಡ ಸಂಸ್ಥೆಯಲ್ಲಿ ಸೇರಿಹೋಯಿತು. ಸಾಬೂನಿನ ಹಲವು ಹೆಸರುಗಳ ಹಿಂದೆ ಒಂದೇ ಕಡಾಯಿ ಇದ್ದಂತೆ.

ಇಲ್ಲಿ ಒಂದು ಸಣ್ಣ ತಾಂತ್ರಿಕ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಬೇಸರವಾದೀತೆಂಬ ಹೆದರಿಕೆ ಇದ್ದರೂ ಬೆಲೆಯ ಗುಟ್ಟು ಅದರಲ್ಲಿಯೇ ಇದೆ. ಪೆಡಲುಗಳ ನಡುವಿನ ಅಚ್ಚನ್ನು ಎರಡು ಬಟ್ಟಲುಗಳು ಹಿಡಿದಿರುತ್ತವೆ. ಸೈಕಲ್ ಅಂಗಡಿಯವರು ಇವುಗಳಿಗೆ ಬಿ.ಬಿ. ಕಪ್ಪು ಎನ್ನುತ್ತಾರೆ. ಅವು ಚೌಕಟ್ಟಿನೊಳಕ್ಕೆ ತಿರುಪಿನಂತೆ ಸೇರುತ್ತವೆ. ಇಂಗ್ಲೆಂಡಿನ ಉಳಿದ ತಯಾರಕರು ಈ ತಿರುಪಿಗೆ ಅಂಗುಲಕ್ಕೆ 24 ಸುತ್ತು ಹಾಕಿದರೆ, ರ‍್ಯಾಲೀಯವರದು 26. ಕಣ್ಣಿಗೆ ಭೇದ ಕಾಣದು. ಬೇರೆಯದನ್ನು ತಂದು ಹಾಕಿದರೆ ಒಂದೆರಡು ಸುತ್ತು ಹೋಗಿ ಹಿಡಿಯುತ್ತದೆ. ಬಲವಂತ ಮಾಡಿದರೆ ಚೌಕಟ್ಟಿನ ತಿರುಪೇ ಕೆಡುತ್ತದೆ. ತನ್ನ ಮಾಲಿಗೆ ತನ್ನ ಬಿಡಿಭಾಗವೇ ಬೇಕಾಗುವಂತೆ ಮಾಡುವ ಉಪಾಯ ಇಂದಿನ ಯಂತ್ರಗಳವರು ಕಂಡುಹಿಡಿದದ್ದೇನೂ ಅಲ್ಲ. ಪರಿಣಾಮವೇನೆಂದರೆ, ಲೂಧಿಯಾನದಿಂದ ಬರುವ ಅಗ್ಗದ ಕಪ್ಪು ಅಂಗಡಿಯಲ್ಲಿ ಬುಟ್ಟಿ ತುಂಬ ಇದ್ದರೂ ಹಳೆಯ ರ‍್ಯಾಲೀಯ ಹೊಟ್ಟೆ ತುಂಬದು.

ನನ್ನ ತಂದೆಯ ರ‍್ಯಾಲೀಗೂ ಇದೇ ಕಾಯಿಲೆ. ಅದಕ್ಕೆ ಸರಿಹೊಂದುವ ಒಂದು ಜೊತೆ ಕಪ್ಪು ಮತ್ತು ಅಚ್ಚಿಗೆ ನಾನು ಕೊಟ್ಟದ್ದು 2,500 ರೂಪಾಯಿ. ಮನೆಯವರಿಗೆ ಹೇಳಿದ ಮೊತ್ತ ಬೇರೆ. ಅದು ಇಲ್ಲಿ ಅಪ್ರಸ್ತುತ. ಜೋಡಿಸಿಕೊಟ್ಟ ವೃದ್ಧ ಮೇಸ್ತ್ರಿಗಳು ಆ ಕಪ್ಪುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬೆಳಕಿಗೆ ಹಿಡಿದು, ಒಳಗೆ ಗುಳಿ ಬಿದ್ದಿಲ್ಲವೆಂದು ಖಾತ್ರಿಮಾಡಿಕೊಂಡರು.

“ಮಾಲು ಚೆನ್ನಾಗಿದೆ ಸ್ವಾಮಿ. ಓಡ್ತಿದ್ದ ಗಾಡೀದು.”

“ಹೇಗೆ ಹೇಳುತ್ತೀರಿ, ಮೇಸ್ತ್ರಿಗಳೇ?”

“ಗ್ರೀಸು ಹೊಸದು. ನಿಂತ ಗಾಡಿಗೆ ಯಾರು ಗ್ರೀಸು ಹಾಕ್ತಾರೆ?”

ಅಷ್ಟು ಹೇಳಿ ಅವರು ಕೆಲಸಕ್ಕೆ ಬಗ್ಗಿದರು. ಅವರ ಮಾತಿನ ಅರ್ಥ ಸ್ಪಷ್ಟವಾಗಿತ್ತು. ಎಲ್ಲಿಯೋ ಯಾರೋ ಹತ್ತಿ ಓಡಾಡುತ್ತಿದ್ದ ಸೈಕಲ್ಲೊಂದನ್ನು ಬಿಚ್ಚಿದ್ದಾರೆ. ಬಿಡಿಭಾಗಗಳ ಒಟ್ಟು ಬೆಲೆ ಇಡೀ ಸೈಕಲ್ಲಿನ ಬೆಲೆಯನ್ನು ಮೀರಿತೆಂದರೆ ಯಾವ ವ್ಯಾಪಾರಿಯೂ ಸೈಕಲ್ಲನ್ನು ಇಡಿಯಾಗಿ ಮಾರಲಾರ. ಮಾಚೇನಹಳ್ಳಿಯ ಹತ್ತಿರ ಒಂದು ಹಂಬರ್ ಹೀಗೆ ಬಿಚ್ಚಿಹೋದದ್ದನ್ನು ನಾನೇ ಕಂಡೆ. ಒಡೆಯ ಕಾರ್ಖಾನೆಯಿಂದ ನಿವೃತ್ತನಾಗಿ ತೀರಿಕೊಂಡಿದ್ದ, ಮಕ್ಕಳು ಬೆಂಗಳೂರಿನಲ್ಲಿ. ಕಾರ್ಬೈಡ್ ದೀಪ ಒಬ್ಬನಿಗೆ, ಬ್ರೂಕ್ಸ್ ತೊಗಲು ಸೀಟು ಇನ್ನೊಬ್ಬನಿಗೆ, ಜೋಡಿ ಕೊಳವೆಯ ಫೋರ್ಕು ಮೂರನೆಯವನಿಗೆ. ಮನುಷ್ಯಾಕೃತಿಗಳ ಚಕ್ರಕ್ಕೆ ಹರಾಜೇ ನಡೆಯಿತು. ಉಳಿದ ಚೌಕಟ್ಟು, ಮಡ್‌ಗಾರ್ಡು, ರಿಮ್ಮು ತಕ್ಕಡಿಗೆ ಹೋದವು. ಶಿವಮೊಗ್ಗೆಯ ಸುತ್ತಮುತ್ತ ಎರಕದ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಅವುಗಳ ಕುಲುಮೆಗೆ ಹಳೆಯ ಉಕ್ಕು ಎಷ್ಟಾದರೂ ಬೇಕು. ಇಂಗ್ಲೆಂಡಿನಲ್ಲಿ ಕೊಳವೆಯಾದ ಉಕ್ಕು ಭದ್ರಾವತಿಯ ರಸ್ತೆಯಲ್ಲಿ ಐವತ್ತು ವರ್ಷ ಉರುಳಿ, ಕೊನೆಗೆ ಯಾವುದೋ ಲಾರಿಯ ಭಾಗವಾಗಿ ಮತ್ತೆ ಹುಟ್ಟಿರಬಹುದು.

ದುಬಾರಿ ಬೆಲೆ ಇಲ್ಲದಿದ್ದರೆ ಆ ದೀಪ, ಆ ಚಕ್ರ ಕೂಡ ಕುಲುಮೆಗೆ ಹೋಗುತ್ತಿದ್ದವಲ್ಲ ಎಂದು ಸಂಗ್ರಾಹಕ ಮಿತ್ರರು ವಾದಿಸುತ್ತಾರೆ. ಹೌದು, ಹೋಗುತ್ತಿದ್ದವು. ಎಷ್ಟೋ ಹೋದವು. 1980ರ ಮತ್ತು 1990ರ ದಶಕಗಳಲ್ಲಿ ಮೊಪೆಡ್ಡು, ಸ್ಕೂಟರುಗಳು ಬಂದಾಗ ಕೊಟ್ಟಿಗೆಯ ಮೂಲೆ ಸೇರಿದ ಸೈಕಲ್ಲುಗಳನ್ನು ಕೇಳುವವರೇ ಇರಲಿಲ್ಲ; ಹಳೆಯ ಸಾಮಾನಿಗೆ ಬದಲು ಪಾತ್ರೆ ಕೊಡುವವನಿಗೆ ಹಾಕಿ ಒಂದು ಕೊಳಗ ಪಡೆದವರೂ ಉಂಟು. ಸಂಗ್ರಾಹಕನ ಹುಚ್ಚು ಈ ನಾಶಕ್ಕೆ ಒಂದು ತಡೆ ಹಾಕಿತು. ಆದರೆ ಆ ಹುಚ್ಚಿನಲ್ಲಿಯೂ ಜಾತಿಗಳಿವೆ. ಸೈಕಲ್ಲು ಓಡಬೇಕೆಂದು ಕಪ್ಪಿಗೆ ಹಣ ಕೊಡುವವನು ಒಂದು ಜಾತಿ. ಗಾಜಿನ ಬೀರುವಿನಲ್ಲಿ ಇಡಲು ಲಾಂಛನದ ತಗಡನ್ನು ಕೀಳಿಸಿಕೊಂಡು ಹೋಗುವವನು ಇನ್ನೊಂದು. ಎರಡನೆಯವನಿಗೆ ಬೆಲೆ ಹೆಚ್ಚಾದಷ್ಟೂ ಸಂತೋಷ. ಅವನಿಗಾಗಿಯೇ ಹೊಸ ತಗಡಿಗೆ ಹಳೆಯ ಬಣ್ಣ ಹಚ್ಚಿ, ಹುಳಿಯಲ್ಲಿ ನೆನೆಸಿ ತುಕ್ಕು ಬರಿಸುವ ಕಲಾವಿದರೂ ಹುಟ್ಟಿಕೊಂಡಿದ್ದಾರೆ. ಮೊದಲನೆಯವನಿಗೆ ಅಂಥ ಖೋಟಾ ಮಾಲನ್ನು ಮಾರುವುದು ಕಷ್ಟ: ತಿರುಪು ಸುಳ್ಳು ಹೇಳುವುದಿಲ್ಲ.

ಸುಳ್ಳು ಹೇಳದ ಇನ್ನೊಂದು ಭಾಗವೆಂದರೆ ಸ್ಟರ್ಮಿ-ಆರ್ಚರ್ ಹಬ್ಬು. ಹಿಂದಿನ ಚಕ್ರದ ನಾಭಿಯೊಳಗೆ ಮೂರು ವೇಗಗಳನ್ನು ಅಡಗಿಸಿದ ಈ ಯಂತ್ರವನ್ನು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ರ‍್ಯಾಲೀಯವರು ಮಾರುಕಟ್ಟೆಗೆ ತಂದರು. ಮುಂದೆ ಅದರ ಹೊರಕವಚದ ಮೇಲೆ ತಯಾರಾದ ವರ್ಷದ ಅಂಕೆಯನ್ನು ಒತ್ತುವ ರೂಢಿ ಬಂತು. ಸೈಕಲ್ಲಿನ ಬಣ್ಣ ಹೋಗಿರಲಿ, ಹೆಸರು ಅಳಿಸಿರಲಿ, ಎಣ್ಣೆಯ ಜಿಡ್ಡನ್ನು ಒರೆಸಿದರೆ ಅದರ ಜಾತಕ ಓದಬಹುದು. ಕಾರ್ಖಾನೆಯ ಸಾಮಾನ್ಯ ನೌಕರರು ಇಂಥ ಹಬ್ಬನ್ನು ಕೊಂಡದ್ದು ಕಡಮೆ. ಅವರದೆಲ್ಲ ಒಂದೇ ವೇಗದ, ಕಂಬಿ ಬ್ರೇಕಿನ, 28 ಅಂಗುಲ ಚಕ್ರದ ಗಟ್ಟಿ ಸೈಕಲ್ಲು. ಹಬ್ಬಿನ ಸೈಕಲ್ಲು ಎಂಜಿನಿಯರುಗಳ ಬಂಗಲೆಯದು. ಹೀಗೆ ಗುಜರಿಯ ರಾಶಿಯಲ್ಲಿಯೂ ಕಾರ್ಖಾನೆಯ ಮೇಲು ಕೀಳು ಉಳಿದುಬಂದಿದೆ.

ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ 2015ರ ಸುಮಾರಿಗೆ ಉತ್ಪಾದನೆ ನಿಂತಿತು. ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಗಿದ್ದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಧರಣಿ ಕುಳಿತರು. ನೌಕರರ ವಸತಿಗಳು ಒಂದೊಂದಾಗಿ ಖಾಲಿಯಾದಂತೆ ಅಟ್ಟದ ಮೇಲಿನ ಸಾಮಾನುಗಳು ಕೆಳಗಿಳಿದವು. ಪಂಪು, ಕಾರ್ಬೈಡ್ ದೀಪದ ಮುಚ್ಚಳ, ಸವೆದ ಫ್ರೀವೀಲು, ಯಾವುದಕ್ಕೂ ಇರಲೆಂದು ಯಾರೋ ತಾಯತದಂತೆ ಕಾಗದದಲ್ಲಿ ಸುತ್ತಿಟ್ಟ ಎರಡು ಕಾಟರ್ ಪಿನ್ನು.

ಅಂಥದೊಂದು ಪೊಟ್ಟಣ ನಮ್ಮ ಮೇಸ್ತ್ರಿಗಳ ಅಂಗಡಿಯ ಡಬ್ಬಿಯಲ್ಲಿದೆ. ಬೆಂಗಳೂರಿನ ಸಂಗ್ರಾಹಕರೊಬ್ಬರು ಅದಕ್ಕೆ 500 ರೂಪಾಯಿ ಹೇಳಿ ಹೋದರಂತೆ, ಇವರು ಕೊಡಲಿಲ್ಲ. ಮಾಚೇನಹಳ್ಳಿಯ ಆಚೆಯ ಹಳ್ಳಿಯಿಂದ ಇಂದಿಗೂ ಹಳೆಯ ರ‍್ಯಾಲೀಯ ಮೇಲೆ ಹಾಲಿನ ಕ್ಯಾನು ಹೇರಿಕೊಂಡು ಬರುವ ಮುದುಕನೊಬ್ಬನಿದ್ದಾನೆ. ಅವನ ಎಡಗಡೆಯ ಕ್ರ್ಯಾಂಕು ಈಗಾಗಲೇ ಅಲ್ಲಾಡುತ್ತಿದೆ.